ಬೂದಿ ಗಾಡಿ, ನೀಲಿ ಗಾಡಿ

೩ ಫೆಬ್ರುವರಿ ೨೦೨೫, ಸೋಮವಾರ

ಇವತ್ತಿಂದ ಎರಡು ನೋಟಬುಕ್ಕು. ಒಂದು ಸಾವುಕಾರ್ರಿಗಿ ತೋರಸೂದು. ಇದು ನಂದು. ಎಲ್ಲಾ ಮಾತು ಅವ್ರಿಗಿ ತೋರಸೂ ಹಂಗ ಇರೂದಿಲ್ಲ.

ಸಂಗ್ತಿ ಏನಂದ್ರ, ನಮ್ಮ ದೌಲಪ್ಪ ಸಾವುಕಾರ್ರಿಗಿ ಅರವತ್ತು ತುಂಬ್ತು, ತುಂಬಿದ ಮರುದಿನಾನೇ ಹುಚ್ಚ ಹಿಡೀತು. ಕಪನೂರದಾಗ ಅವರದು ತೊಗರಿ ಬ್ಯಾಳಿ ಮಿಲ್ಲು. ನಾ ಇಪ್ಪತ್ತೆರಡು ವರ್ಷದಿಂದ ಅವರ ಡ್ರೈವರ. ಮೂರು ಗಾಡಿ ಬದಲಾದ್ವು, ಡ್ರೈವರ ಬದಲಾಗಿಲ್ಲ. ಈಗ ಅವರು ಎರಡು ಸೆಡಾನು ನೋಡಿ ಇಟ್ಟಾರ. ಎರಡೂ ಪರದೇಶದವು, ನಿಂತಲ್ಲಿಂದ ನೂರರ ಸ್ಪೀಡಿಗಿ ನಾಕು ಸೆಕೆಂಡಿನ್ಯಾಗ ಹೋಗ್ತಾವಂತ. ನಾಕು ಸೆಕೆಂಡಿನ್ಯಾಗ ಕಲಬುರಗಿಯಾಗ ಎಲ್ಲಿಗಿ ಹೋಗೂದ್ರಿ? ಮುಂದಿನ ಸ್ಪೀಡಬ್ರೇಕರ್ ತನಕ!

"ಕಾಶಿರಾಯ, ಹೈದರಾಬಾದಿನ ಶೋರೂಮದವ್ರು ಒಂದೊಂದೇ ಗಾಡಿ ತರ್ತಾರ. ನೀ ಹೊಡದ ನೋಡು. ಯಾವುದರಾಗ ಏನ ಚಲೋ ಅದ, ಏನ ಕೆಟ್ಟ ಅದ, ಎಲ್ಲಾ ಬರದ ಕೊಡು. ನೀ ಅಂದಿದ್ದೇ ತಗೋತೀನಿ," ಅಂದ್ರು.

ನೀ ಅಂದಿದ್ದೇ! ಮನಿಗಿ ಬಂದು ಹೆಂಡತಿ ಮರೆಮ್ಮಗ ಹೇಳ್ದೆ. ಆಕಿ ಖುಷಿ ಪಡೂದು ಬಿಟ್ಟು, "ಮೊದಲ ಕಣ್ಣ ತೋರಸ್ಕೋರಿ, ಆಮ್ಯಾಲ ಗಾಡಿ ನೋಡೀರಂತ," ಅಂದ್ಲು. ಯಾಕಂದ್ರ ಮುಂಜಾನಿ ಚಾದ ಗ್ಲಾಸಿಗಿ ನನ್ನ ಕೈ ಬಡದು ಚಾ ಎಲ್ಲಾ ಚೆಲ್ಲಿತ್ತು. ಎಡಕ್ಕ ಮೂಲ್ಯಾಗ ಯಾರರ ಗ್ಲಾಸ ಇಡ್ತಾರೇನು? ದೂರದ ಬಸ್ಸಿನ ಬೋರ್ಡು ನಾ ಈಗಲೂ ಓದ್ತೀನಿ. ನನ್ನ ಕಣ್ಣಿಗಿ ಏನೂ ಆಗಿಲ್ಲ.

೭ ಫೆಬ್ರುವರಿ, ಶುಕ್ರವಾರ

ಬೂದಿ ಬಣ್ಣದ್ದು ಬಂತು. ಲಾರಿ ಮ್ಯಾಲ ಏರಸ್ಕೊಂಡು ಬಂದಾರ! ಗಾಡಿ ಇದ್ದದ್ದೇ ಓಡ್ಲಾಕ, ಅದನ್ನ ಹೊತ್ಕೊಂಡು ಬರ್ತಾರಂದ್ರ ಏನ ಹೇಳೂದು. ಸಂಗಡ ಶೋರೂಮದ ಜಾವೀದ್ ಬಂದಿದ್ದ. ಬಿಳೀ ಅಂಗಿ, ಮೆತ್ತಗಿನ ಮಾತು, ನನಗ ಮೊದಲನೇ ಮಾತಿಗೇ ಚಾಚಾ ಅಂದ. ಹುಡುಗ ಚಲೋ ಇದ್ದಾನ.

ಸಾವುಕಾರ್ರ ನೋಟಬುಕ್ಕಿನ್ಯಾಗ ಬರದದ್ದು ಇದು. ಹಿಂದಿನ ಸೀಟು ಗಾದಿ ಇದ್ದಂಗ ಅದ. ಕಾಲ ಚಾಚಬಹುದು, ಬೆನ್ನ ಒತ್ತೂ ಮಶೀನು ಸೀಟಿನೊಳಗೇ ಅದ. ಎಂಜಿನ್ನು ಎಂಟು ಸಿಲಿಂಡರಿಂದು, ಆದ್ರ ಒಳಗ ಕೂತವ್ರಿಗಿ ಆವಾಜ ಬರೂದಿಲ್ಲ. ಡಿಕ್ಕಿ ದೊಡ್ಡದು. ಟೈರು ರೊಟ್ಟಿ ಹಂಗ ತೆಳ್ಳಗವ, ನಮ್ಮ ರಸ್ತಾಕ್ಕ ನಡಿಯೂದಿಲ್ಲ. ಸ್ಟೆಪ್ನಿ ಇಲ್ಲ.

ಸ್ಟೆಪ್ನಿ ಇಲ್ಲ ಅಂದದ್ದಕ್ಕ ಜಾವೀದನ ಸಂಗಡ ಜಗಳಾನೇ ಆಯ್ತು.

"ಚಾಚಾ, ಪಂಕ್ಚರ್ ಆದ್ರ ಫೋನ್ ಹಚ್ರಿ, ನಮ್ಮ ಮಂದಿ ಬರ್ತಾರ."

"ಹೈದರಾಬಾದದಿಂದ?"

"ಹೌದ್ರಿ."

"ಅಲ್ಲೀತನಕ ಸಾವುಕಾರ್ರು ಬೇವಿನ ಗಿಡದ ಕೆಳಗ ಕೂತು ಭಜನಿ ಮಾಡಬೇಕೇನೋ?"

ಹಿಂದ ಕೂತ ಸಾವುಕಾರ್ರು ಹೊಟ್ಟಿ ಹಿಡ್ಕೊಂಡು ನಕ್ಕರು.

ಇನ್ನೊಂದು ದೋಷ ಅದ. ಭಾಳ ವಟವಟ ಅಂತದ. ರಿಂಗ್ ರೋಡಿನ್ಯಾಗ ಎರಡೆರಡು ನಿಮಿಷಕ್ಕ ಎಡಗಡಿ ಕನ್ನಡ್ಯಾಗ ಕೇಸರಿ ದೀಪ ಹತ್ತಿ ಟಿಣ್ ಟಿಣ್ ಅನ್ಲಾಕತ್ತು. "ಎಡಕ್ಕ ಯಾರೋ ಅದಾರ ಅಂತ ಹೇಳ್ತದ ಚಾಚಾ," ಅಂದ ಜಾವೀದ್. ಯಾರೂ ಇದ್ದಿಲ್ಲ. ಒಂದು ಮೋಟರಸೈಕಲ್ ಮಾತ್ರ ಎಲ್ಲಿಂದೋ ಒಮ್ಮಿಗೇ ಮುಂದ ಬಂದು ಹೋಯ್ತು, ಈಗಿನ ಮಂದಿ ಹಂಗೇ ನುಗ್ತಾರ. ಆ ಟಿಣ್ ಟಿಣ್ ಬಂದ್ ಮಾಡು ಅಂದೆ. ಮಾಡ್ದ. ಆಗ ಒಳಗಿನ ಕನ್ನಡ್ಯಾಗ ನೋಡಿದ್ರ ಸಾವುಕಾರ್ರು ನನ್ನನ್ನೇ ನೋಡ್ಲಾಕತ್ತಿದ್ರು.

೮ ಫೆಬ್ರುವರಿ, ಶನಿವಾರ

ಬೂದಿ ಗಾಡಿ ವಾಪಸ ಹೋಯ್ತು. ಹಳೇ ಗಾಡಿ ಒಳಗ ಹಾಕೂಮುಂದ ಮಿಲ್ಲಿನ ಗೇಟಿಗಿ ಎಡಬಾಜು ಒರಸ್ತು. ವಾಚಮನ್ ದತ್ತಪ್ಪಗ ಬೈದೆ, ಗೇಟ ಅರ್ಧ ತಗದಾನ ಅಂತ. "ಪೂರಾ ತಗದೀನಲ್ಲೋ ಮಾರಾಯಾ," ಅಂದ. ಸುಳ್ಳಬುರಕ.

೧೨ ಫೆಬ್ರುವರಿ, ಬುಧವಾರ

ಇದನ್ನ ಬರೀಬೇಕೋ ಬ್ಯಾಡೋ.

ತಿಂಗಳಿಂದ ಸಾವುಕಾರ್ರು ಮುಂಜಾನಿ ಆರಕ್ಕ ಆಟೋದಾಗ ಹೊಂಟು ಶರಣಸಿರಸಗಿ ಕಡೆ ವಾಕಿಂಗ್ ಹೋಗ್ತಾರ. "ನಾ ಬಿಟ್ಟ ಬರ್ತೀನ್ರಿ," ಅಂದ್ರ ಬ್ಯಾಡಂತಿದ್ರು. ನಾನೂ ಬಿಟ್ಟಿದ್ದೆ. ಇವತ್ತ ಶರಣಸಿರಸಗಿಯಾಗ ನಮ್ಮ ತಂಗಿ ಮನಿಗಿ ಹೋಗಿದ್ದೆ, ಜ್ವಾಳದ ಹಿಟ್ಟ ತರ್ಲಾಕ. ಬರೂಮುಂದ ಹೊಸಾ ಲೇಔಟಿನ ಖಾಲಿ ರಸ್ತಾದಾಗ ಒಂದು ಸಣ್ಣ ಬಿಳೀ ಕಾರು, ಹಿಂದ ಕೆಂಪಂದು ಎಲ್ ಬೋರ್ಡು, ಗಕ್ಕನ ನಿಂದರ್ತದ, ಮತ್ತ ಜಿಗೀತದ. ಯಾವನಪಾ ಈ ಪುಣ್ಯಾತ್ಮ ಅಂತ ನಗಕೋತ ನಿಂತೆ. ಹತ್ತಿರ ಬಂತು. ಸ್ಟೇರಿಂಗಿಗಿ ಜೋತಬಿದ್ದಂಗ ಕೂತಾವ್ರು ನಮ್ಮ ದೌಲಪ್ಪ ಸಾವುಕಾರ್ರು! ಬಾಜೂಕ ಒಬ್ಬ ಹುಡುಗಿ, ಗಾಜಿಪುರದ ಡ್ರೈವಿಂಗ್ ಸ್ಕೂಲಿನ ಮುಸ್ಕಾನ್. ಆಕಿ ಕಲಸ್ಲಾಕತ್ತಾಳ, ಇವರು ಕಲೀಲಾಕತ್ತಾರ.

ಕಳ್ಳನಂಗ ಉಸುಕಿನ ಗುಂಪಿ ಹಿಂದ ಅಡಗಿದೆ.

ಇಪ್ಪತ್ತೆರಡು ವರ್ಷ ಸ್ಟೇರಿಂಗ ಮುಟ್ಟದ ಮನಶ್ಯಾ ಈಗ ಯಾಕ ಕಲೀತಾನ? ನನ್ನ ತಗದ ಹಾಕ್ಲಾಕ. ಬ್ಯಾರೆ ಏನಿರ್ತದ? ಎದುರಿಗಿ ನಿಂತು, ಕಾಶಿರಾಯ ನೀ ಸಾಕು ಅನ್ನಬಹುದಿತ್ತಲ್ಲ. ಕದ್ದು ಯಾಕ? ದುಃಖ ಉಕ್ಕಿ ಬಂತು. ಗಂಡಸು ಆಗಿ ಬರೀಬಾರದು, ಆದ್ರೂ ಬರದೀನಿ, ಅತ್ತೆ.

ಮಧ್ಯಾಹ್ನ ಜಾವೀದಗ ಫೋನ್ ಹಚ್ಚಿ, ಆ ಎರಡನೇ ಗಾಡಿ ಹೆಂಗದಪಾ ಅಂತ ಕೇಳ್ದೆ. "ಬೂದೀದು ಹಿಂದ ಕೂಡವ್ರ ಗಾಡಿ ಚಾಚಾ, ನೀಲೀದು ಹೊಡಿಯವ್ರ ಗಾಡಿ," ಅಂದ. ತಿಳೀತು. ನೀಲಿ ಗಾಡಿ ಬಂತಂದ್ರ ಸಾವುಕಾರ್ರು ಮುಂದ ಕೂಡ್ತಾರ, ನಾ ಮನ್ಯಾಗ ಕೂಡ್ತೀನಿ. ಬೂದಿ ಬಂತಂದ್ರ ಅವ್ರು ಹಿಂದ, ನಾ ಮುಂದ, ಮೊದಲಿನ ಹಂಗೇ.

ನೀ ಅಂದಿದ್ದೇ ತಗೋತೀನಿ ಅಂದಾರ. ಹಂಗಿದ್ರ ನೀಲಿ ಕೆಟ್ಟದದ ಅಂತ ಬರೀತೀನಿ. ಇನ್ನೂ ನೋಡಿಲ್ಲ, ಬರೀತೀನಿ ಅಂತ ಠರಾಯಿಸೀನಿ.

೧೪ ಫೆಬ್ರುವರಿ, ಶುಕ್ರವಾರ

ನೀಲಿ ಗಾಡಿ ಬಂತು. ಕಮಲಾಪುರದ ಬಾಳಿತ್ವಾಟದಾಗ ಸಾವುಕಾರ್ರಿಗಿ ಕೆಲಸಿತ್ತು, ಅಲ್ಲೀ ತನಕ ಹೊಡ್ಕೊಂಡು ಹೋದಿವಿ. ಸಾವುಕಾರ್ರು ಹಿಂದ ಕೂಡ್ಲಿಲ್ಲ, ಮುಂದ ನನ್ನ ಬಾಜೂಕ ಬಂದು ಕೂತರು. ಇಪ್ಪತ್ತೆರಡು ವರ್ಷದಾಗ ಇದೇ ಮೊದಲು. ಜಾವೀದ್ ಹಿಂದ ಕೂತ.

ಸುಳ್ಳ ಹೇಳ್ಬೇಕಂತ ಹೋದಾಂವ, ಖರೆ ಹೇಳ್ತೀನಿ, ಅಂಥಾ ಗಾಡಿ ನಾ ಜಲ್ಮದಾಗ ಹೊಡದಿಲ್ಲ. ಸ್ಟೇರಿಂಗ ಬೆರಳ ಹಚ್ಚಿದ್ರ ಸಾಕು, ನಾ ಮನಸಿನ್ಯಾಗ ಅಂದ್ಕೊಂಡಲ್ಲಿಗಿ ಹೊಳ್ಳತದ. ಊರ ದಾಟಿದ ಮ್ಯಾಲ ಒಂದೀಟು ಕಾಲ ಒತ್ತಿದೆ, ಎಂಜಿನ್ನು ಒಳಗೊಳಗೇ ಗುರ್ ಅಂತು, ಬೆನ್ನ ಸೀಟಿಗಿ ಹತ್ತಿಬಿಡ್ತು. "ಯಪ್ಪಾ!" ಅಂದ್ರು ಸಾವುಕಾರ್ರು, ಸಣ್ಣ ಹುಡುಗರ ಗತೆ. ನಾನೂ ನಕ್ಕೆ. ಸಿಟ್ಟು ಎಲ್ಲಿ ಹೋಗಿತ್ತೋ. ಹಿಂದಿನ ಸೀಟು ಬಿಗಿ, ಹಳ್ಳಕ್ಕೊಮ್ಮೆ ಜಾವೀದನ ತಲಿ ಮ್ಯಾಲ ಬಡೀಲಾಕತ್ತಿತ್ತು. ಇಷ್ಟು ಬಿಟ್ರ ಕುಂದು ಹುಡುಕಿದ್ರೂ ಸಿಗೂದಿಲ್ಲ.

ಕಮಲಾಪುರ ಮುಟ್ಟೂಮುಂದ, ಕೆಂಪು ಬಾಳಿಹಣ್ಣು ಮಾರೂ ಅಂಗಡಿ ಸಾಲಿನ್ಯಾಗ, ಗಾಡಿ ತಾನೇ ಗಚ್ಚಂತ ಬ್ರೇಕ್ ಹಾಕ್ತು. ನಾ ಒತ್ತಿದ್ದಿಲ್ಲ! ಮೂವರೂ ಮುಂದ ಮುಗ್ಗರಸಿದಿವಿ. ರಸ್ತಾ ಖಾಲಿ ಇತ್ತು. ಆಮ್ಯಾಲ ನೋಡಿದ್ರ ಒಬ್ಬಾಕಿ ಬುಟ್ಟಿ ಹೊತ್ಕೊಂಡು ಬಂಪರಿನ ಎಡಬಾಜು ನಿಂತು ಬಾಯಿಗಿ ಬಂದಂಗ ಬೈಲಾಕತ್ತಾಳ. ಗಾಡಿ ಕಿರ್ ಅಂದ್ರ ಮಂದಿ ಓಡಿ ಬರ್ತಾರಲ್ಲ, ಹಂಗ ಬಂದಾಳ.

ಸಾವುಕಾರ್ರು ಇಳದು ಆಕಿಗಿ ಕೈ ಮುಗದರು. ಆಕಿ ಬುಟ್ಯಾಗಿನ ಹಣ್ಣ ಎಲ್ಲಾ ಖರೀದಿ ಮಾಡಿದ್ರು. ಬಂದು ಕೂತಾಗ ಮುಖಾ ಬೆಳ್ಳಗಾಗಿತ್ತು. "ಸಾವಕಾಶ ನಡಿ," ಅಂದ್ರು, ಅಷ್ಟೇ.

ನನಗ ಸುಳ್ಳ ಹೇಳೂ ಜರೂರತ್ತೇ ಉಳೀಲಿಲ್ಲ. ಸಾವುಕಾರ್ರ ನೋಟಬುಕ್ಕಿನ್ಯಾಗ ಬರದೆ: ನೀಲಿ ಗಾಡಿ ಸುಮ್ಮಸುಮ್ಮಕ ತಾನೇ ಬ್ರೇಕ್ ಹಾಕ್ತದ, ಧೋಕಾ ಅದ, ಹಿಂದಿನ ಗಾಡಿ ಬಂದು ಬಡದ್ರ ಜೀವಕ್ಕ ಅಪಾಯ, ಬೂದೀದೇ ತಗೋರಿ.

೧೫ ಫೆಬ್ರುವರಿ, ಶನಿವಾರ

ನೋಟಬುಕ್ಕು ಕೊಟ್ಟೆ. ಸಾವುಕಾರ್ರು ಎರಡು ಸಲ ಓದಿದ್ರು.

"ಖರೇನೂ ಹಿಂಗೇ ಅಂತೀ ಏನ ಕಾಶಿರಾಯ?"

"ಹೂಂರಿ."

"ಆಯ್ತು. ಇನ್ನೊಂದು ವಾರ ತಡದು ಹೇಳ್ತೀನಿ."

ಯಾಕ ತಡೀಬೇಕು? ಮರೆಮ್ಮ ಬದನಿಕಾಯಿ ಎಣ್ಣಗಾಯಿ ಮಾಡಿದ್ಲು. ಗೆದ್ದಾಂವ ನಾನೇ, ಆದ್ರ ಊಟ ರುಚಿ ಹತ್ತಲಿಲ್ಲ.

೧೭ ಫೆಬ್ರುವರಿ, ಸೋಮವಾರ

ಜಾವೀದ್ ನೀಲಿ ಗಾಡಿ ವಾಪಸ ಒಯ್ಯಲಾಕ ಮಿಲ್ಲಿಗಿ ಬಂದಿದ್ದ. ಮಂದಿ ಮುಂದ ಅವನಿಗಿ ಹಿಡದೆ. "ಏನೋ, ಇಂಥಾ ಕೆಟ್ಟ ಬ್ರೇಕಿನ ಗಾಡಿ ನಮ್ಮ ಸಾವುಕಾರ್ರ ಕೊಳ್ಳಿಗಿ ಕಟ್ತೀ ಏನು?" ಅಂದೆ.

ಅಂವ ನನ್ನ ಕೈ ಹಿಡದು ಗೋಡಿ ಬಾಜೂಕ ಕರಕೊಂಡು ಹೋದ. "ಗಾಡಿಗಿ ಬೈಬ್ಯಾಡ್ರಿ ಚಾಚಾ," ಅಂದು ಫೋನ್ ತಗದ. ಗಾಡಿ ಮುಂದಿನ ಕ್ಯಾಮೆರಾದಾಗ ಎಲ್ಲಾ ಹಿಡದಿರ್ತದಂತ.

ನೋಡಿದೆ. ರಸ್ತಾ, ಬಾಳಿಹಣ್ಣಿನ ಅಂಗಡಿ. ಎಡಕ್ಕಿಂದ ಬುಟ್ಟಿ ಹೊತ್ತಾಕಿ ರಸ್ತಾದಾಗ ಇಳೀತಾಳ. ಒಂದು ಹೆಜ್ಜಿ, ಎರಡು, ಮೂರು, ನಾಕು. ಓಡಿ ಬಂದಿಲ್ಲ, ಆರಾಮ ನಡಕೋತ ಬಂದಾಳ. ನನ್ನ ಗಾಡಿ ಸ್ಪೀಡು ಒಂದೀಟೂ ಕಮ್ಮಿ ಆಗಿಲ್ಲ. ಆಮ್ಯಾಲ ಗಾಡಿ ತಾನೇ ನಿಂತದ, ಆಕಿಗೂ ಬಂಪರಿಗೂ ನಡುವ ಒಂದು ಗೇಣು.

ಏಳು ಸಲ ನೋಡಿದೆ. ಏಳು ಸಲಾನೂ ಆಕಿ ಅಲ್ಲೇ ಇದ್ಲು.

"ಸಾವುಕಾರ್ರಿಗಿ ತೋರಿಸೀ ಏನು?"

"ಅವ್ರು ಎಡಕ್ಕೇ ಕೂತಿದ್ರಲ್ಲ ಚಾಚಾ. ಕಣ್ಣಾರೆ ನೋಡ್ಯಾರ. ಚೀರಬೇಕು ಅನ್ನೂದರಾಗ ಗಾಡಿ ನಿಂತಿತ್ತು."

೧೮ ಫೆಬ್ರುವರಿ, ಮಂಗಳವಾರ

ಜ್ವರ ಅಂತ ಹೇಳಿ ಕಳಿಸಿದೆ. ಜ್ವರ ಇಲ್ಲ.

೨೦ ಫೆಬ್ರುವರಿ, ಗುರುವಾರ

ಮರೆಮ್ಮನ ಸಂಗಡ ಕಣ್ಣಿನ ದವಾಖಾನಿಗಿ ಹೋದೆ. ಗೋಡಿ ಮ್ಯಾಲಿನ ಅಕ್ಷರ ಕಟ್ಟಕಡೀ ಸಾಲಿನ ತನಕ ಫಟಾಫಟ್ ಓದಿದೆ. ನೋಡು ಅಂದಂಗ ಮರೆಮ್ಮನ ಕಡೆ ನೋಡಿದೆ. ಆಮ್ಯಾಲ ಡಾಕ್ಟರಬಾಯಿ ಒಂದು ಡಬ್ಬಿಯೊಳಗ ಮುಖಾ ಇಡಿಸಿ, "ದೀಪ ಕಂಡಾಗೊಮ್ಮೆ ಈ ಗುಂಡಿ ಒತ್ರಿ," ಅಂದ್ರು. ಕೂತೆ. ನಡುನಡುವ ಭಾಳ ಹೊತ್ತು ದೀಪಾನೇ ಬರಲಿಲ್ಲ. "ಮಶೀನು ಬಂದ್ ಬಿದ್ದದ ನೋಡ್ರಿ ಬಾಯೀ," ಅಂದೆ.

"ಬಂದ್ ಬಿದ್ದಿಲ್ರಿ. ದೀಪ ಬರ್ಲಾಕತ್ತಾವ," ಅಂದ್ರು.

ಗುಂಡಿ ಕೈಯಾಗೇ ಹಿಡದು ಡಬ್ಬಿಯೊಳಗಿಂದ ಮುಖಾ ಹೊರಗ ತಗದೆ.

ಕಣ್ಣಿನೊಳಗ ಒತ್ತಡ ಏರಿ ನರ ಒಣಗ್ಯಾದಂತ. ಎದುರಿಂದು ಸ್ವಚ್ಛ ಕಾಣ್ತದ, ಬಾಜೂಂದು ಹೋಗ್ಯಾದ. ಎಡಗಣ್ಣಿಂದು ಭಾಳ ಹೋಗ್ಯಾದ, ಬಲಗಣ್ಣಿಂದು ಸುರು ಆಗ್ಯಾದ. ನೋವು ಇರೂದಿಲ್ಲ, ಅದಕ್ಕೇ ಮಂದಿಗಿ ಗೊತ್ತೇ ಆಗೂದಿಲ್ಲ. ಹೋದದ್ದು ವಾಪಸ ಬರೂದಿಲ್ಲ, ಇದ್ದದ್ದು ಉಳಸ್ಕೊಳ್ಳಾಕ ದಿನಾ ಎರಡು ಹೊತ್ತು ಔಷಧ ಬಿಡಬೇಕು. "ಗಾಡಿ ಹೊಡೀಬ್ಯಾಡ್ರಿ," ಅಂದ್ರು. "ಹೊಟ್ಟಿಪಾಡು ಅದೇ ಅದರೀ," ಅಂದೆ. ಅವ್ರು ನನ್ನ ಕಡೆ ನೋಡಿ ಮತ್ತ ಅದೇ ಮಾತು ಹೇಳಿದ್ರು.

ದಾರ್ಯಾಗ ಮರೆಮ್ಮ ನನ್ನ ಎಡಬಾಜು ನಡದ್ಲು. ತಾ ಹೇಳಿದ್ದೇ ಖರೆ ಆಯ್ತು ಅಂತ ಒಂದು ಮಾತೂ ಅನ್ಲಿಲ್ಲ. ಅಂದಿದ್ರ ಚಲೋ ಇತ್ತು, ಜಗಳಾದ್ರೂ ಆಡ್ತಿದ್ದೆ.

೨೧ ಫೆಬ್ರುವರಿ, ಶುಕ್ರವಾರ

ನಾ ಸುಮ್ಮಕಿದ್ರ ಬೂದಿ ಗಾಡಿ ಬರ್ತದ. ಟಿಣ್ ಟಿಣ್ ಬಂದ್ ಮಾಡಬಹುದು. ಮೆಲ್ಲಕ ಹೊಡದ್ರ ಏನಾಗ್ತದ? ಇಪ್ಪತ್ತೆರಡು ವರ್ಷ ಒಬ್ಬರಿಗೂ ಬಡದಿಲ್ಲ ನಾ. ನನಗ ಐವತ್ತೇಳು. ಇನ್ನೊಂದು ಮೂರು ವರ್ಷ ಹೊಡದು ಬಿಟ್ಟಬಿಡ್ತೀನಿ.

ಆಕಿ ನಾಕು ಹೆಜ್ಜಿ ನಡದಿದ್ಲು.

ಸಾವುಕಾರ್ರ ಮ್ಯಾಲ ಭಾಳ ಸಿಟ್ಟು ಬರ್ಲಾಕತ್ತದ. ಎಲ್ಲಾ ನೋಡ್ಯಾರ, ಬಾಯಿ ಬಿಡವಲ್ಲರು. ಬೈಯಬಾರದೇನು? ಕಪಾಳಕ್ಕ ಹೊಡದು, ಏ ಮಗನೇ ಕಣ್ಣ ಎಲ್ಲಿಟ್ಟೀ ಅನ್ನಬಾರದೇನು? ಅಂದಿದ್ರ ನಾ ಬಿಟ್ಟ ಹೋಗ್ತಿದ್ದೆ. ಈಗ ನಾನೇ ನನ್ನ ಬಾಯಿಲೆ ಅನ್ನೂ ಹಂಗ ಮಾಡ್ಯಾರ.

೨೩ ಫೆಬ್ರುವರಿ, ಭಾನುವಾರ

ಮುಂಜಾನಿ ಆರಕ್ಕ ಶರಣಸಿರಸಗಿ ಲೇಔಟಿಗಿ ಹೋಗಿ ಆ ಉಸುಕಿನ ಗುಂಪಿ ಮ್ಯಾಲೇ ಕೂತೆ, ಎದ್ದು ಕಾಣೂ ಹಂಗ. ಬಿಳೀ ಕಾರು ಬಂತು. ಸಾವುಕಾರ್ರು ನನ್ನ ನೋಡಿದ್ದೇ ತಡ, ಗಾಡಿ ಗಕ್ಕಂತ ಬಂದ್ ಬಿತ್ತು.

ಇಳದು ಬಂದು ನನ್ನ ಬಾಜೂಕೇ ಕೂತರು, ಬಿಳೀ ಧೋತರದಾಗ, ಉಸುಕಿನ್ಯಾಗ. ಮುಸ್ಕಾನ್ ದೂರ ಕಾರಿನ್ಯಾಗೇ ಉಳಿದ್ಲು.

"ಜ್ವರ ಹೋಯ್ತೇನು?"

"ಜ್ವರ ಬಂದೇ ಇದ್ದಿಲ್ರಿ," ಅಂದೆ. ಆಮ್ಯಾಲ ಎಲ್ಲಾ ಒಂದೇ ಉಸುರಿನ್ಯಾಗ ಹೇಳಿಬಿಟ್ಟೆ. "ನೀಲಿ ಗಾಡಿ ಬ್ರೇಕ್ ಕೆಟ್ಟಿಲ್ರಿ. ನನ್ನ ಕಣ್ಣ ಕೆಟ್ಟಾವ. ದವಾಖಾನ್ಯಾಗ ಬರದ ಕೊಟ್ಟಾರ. ಆಕಿ ನನಗ ಕಾಣಲೇ ಇಲ್ರಿ. ನನ್ನ ನೌಕರಿ ಹೋಗ್ತದಂತ ಅದರ ಮ್ಯಾಲ ಸುಳ್ಳ ಬರೀಬೇಕಂತಿದ್ದೆ. ಆಮ್ಯಾಲ ಖರೆ ಅಂದ್ಕೊಂಡೇ ಸುಳ್ಳ ಬರದೆ. ಎರಡರಾಗ ನೀಲೀದೇ ಚಲೋ ಗಾಡಿ. ನೀಲೀದೇ ತಗೋರಿ. ಮತ್ತ ನನ್ನ ಕೈಯಾಗ ಕೊಡಬ್ಯಾಡ್ರಿ."

ಸಾವುಕಾರ್ರು ಉಸುಕು ಮುಟ್ಟಿಗ್ಯಾಗ ಹಿಡದು ಬಿಡಕೋತ ಕೂತಿದ್ರು.

"ದೀಪಾವಳಿ ಮುಂದ ಒಬ್ಬ ಸೈಕಲ್ಲಿನ ಮುದುಕಗ ನೀ ಕೂದಲೆಳಿ ಅಂತರದಾಗ ಬಿಟ್ಟಿ," ಅಂದ್ರು. "ನಿನಗ ಗೊತ್ತೂ ಆಗಲಿಲ್ಲ. ಅವತ್ತ ತಿಳೀತು ನನಗ."

"ಹೇಳಬಾರದಿತ್ತೇನ್ರಿ? ಆ ಮುದುಕ ಸತ್ತಿದ್ರ? ಆ ಬುಟ್ಟಿ ಹೊತ್ತಾಕಿ ಸತ್ತಿದ್ರ?" ಅವ್ರ ಮುಂದ ನಾ ಧನಿ ಏರಿಸಿದ್ದು ಇದೇ ಮೊದಲು.

"ಹೇಳಬೇಕಿತ್ತು," ಅಂದ್ರು. "ತಪ್ಪು ನಂದೂ ಅದ. ಬ್ಯಾರೆ ಡ್ರೈವರಗ ತಂದ್ರ ನೀ ಮಿಲ್ಲಿನ ಅಂಗಳದಾಗ ಕೂತು ಅವನ್ನೇ ನೋಡ್ಕೋತ ಒಣಗಿ ಹೋಗ್ತಿದ್ದಿ. ನಾನೇ ಕಲತ್ರ ಆ ಮಾತು ಬರೂದಿಲ್ಲಂತ ತಿಳದೆ. ಕಲಿಯಾಕ ಇಷ್ಟು ದಿನಾ ಹತ್ತತದಂತ ಎಲ್ಲಿ ಗೊತ್ತಿತ್ತು? ಆ ಹುಡುಗಿ ನನಗ ದಡ್ಡ ಅಂತಾಳ."

"ಮತ್ತ ನಾ?"

"ನೀ ಬಾಜೂಕ ಕೂಡು."

"ಧರ್ಮಕ್ಕ ಕೂಡೂದಿಲ್ರಿ ನಾ."

"ಯಾರ ಧರ್ಮ ಅಂದ್ರೋ? ಹೈವೇ ಅಂದ್ರ ನನಗ ಜೀವ ಹಾರ್ತದ. ಲಾರಿ ಬಂದ್ರ ಕಣ್ಣ ಮುಚ್ತೀನಿ. ಒಬ್ಬಾವನೇ ಹೆಂಗ ಹೋಗ್ಲಿ?"

ಲಾರಿ ಬಂದ್ರ ಕಣ್ಣ ಮುಚ್ತಾರಂತ! ಇಂಥವರಿಗಿ ಆ ನೀಲಿ ಗಾಡಿ! ತಲಿ ತಲಿ ಬಡ್ಕೊಂಡೆ. ಅಲ್ಲೇ ಎದ್ದು ಬಿಳೀ ಕಾರಿನ ಎಡಬಾಜಿನ ಬಾಗಲಾ ತಗಸಿ, ಮುಸ್ಕಾನಗ ಹಿಂದ ಕೂಡಸಿ, ಅರ್ಧಾ ತಾಸು ಬರೀ ಕ್ಲಚ್ ಬಿಡೂದು ಕಲಿಸಿದೆ. ಭಾಳ ದಡ್ಡ ಅದಾರ, ಆ ಹುಡುಗಿ ಸುಳ್ಳ ಹೇಳಿಲ್ಲ.

೯ ಮಾರ್ಚ್, ಭಾನುವಾರ

ಇವತ್ತ ಬಿಳೀ ಕಾರು ನಾಕು ಸಲ ಬಂದ್ ಬಿತ್ತು. ಹೋದ ವಾರ ಹನ್ನೊಂದು.

೨೬ ಮಾರ್ಚ್, ಬುಧವಾರ

ಲೈಸೆನ್ಸ್ ಬಂತು. ಸಾವುಕಾರ್ರು ಮಿಲ್ಲಿನವ್ರಿಗೆಲ್ಲಾ ಪೇಢಾ ಹಂಚಿದ್ರು. ಕ್ಲಚ್ ಇಲ್ಲದ ಗಾಡಿ ತಗೊಳ್ಳಾಂವಗ ನಾ ಒಂದು ತಿಂಗಳು ಕ್ಲಚ್ ಯಾಕ ಕಲಿಸ್ದೆನೋ, ಆ ದೇವ್ರೇ ಬಲ್ಲ. ಕೇಳಿದ್ರ, "ಪೂರಾ ಕಲೀಬೇಕಲ್ಲೋ," ಅಂತಾರ. ಔಷಧ ಎರಡೂ ಹೊತ್ತು ಬಿಡಾಕತ್ತೀನಿ. ಉರೀತದ.

೩೦ ಏಪ್ರಿಲ್, ಬುಧವಾರ, ಬಸವ ಜಯಂತಿ

ನೀಲಿ ಗಾಡಿ ಬಂತು. ಬಿಸಲು ಅಂಥಾ ಬಿಸಲು, ಬಾನೆಟ್ ಮ್ಯಾಲ ಕೈ ಇಡೂ ಹಂಗಿದ್ದಿಲ್ಲ. ಮಿಲ್ಲಿನ ಅಂಗಳದಾಗ ಪೂಜಿ ಆಯ್ತು. ನಾಕೂ ಗಾಲಿ ಕೆಳಗ ನಿಂಬಿಹಣ್ಣು ಇಟ್ರು. ನಿಂಬಿಹಣ್ಣಿನ ಮ್ಯಾಲ ಹಾಯಿಸೂದು ಯಾವಾಗಲೂ ಡ್ರೈವರನ ಹಕ್ಕು, ಮಿಲ್ಲಿನ ಎಲ್ಲಾ ಗಾಡಿಗೂ ನಾನೇ ಮಾಡೀನಿ. ಸಾವುಕಾರ್ರು ಚಾವಿ ನನ್ನ ಕೈಯಾಗ ಇಟ್ಟು, "ನೀನೇ ಮಾಡು," ಅಂದ್ರು. ಅಂಗಳ ಪೂರಾ ಖಾಲಿ ಮಾಡಿಸಿದ್ರು, ಎಲ್ಲಾರೂ ಗ್ವಾಡೌನಿನ ಕಟ್ಟಿ ಮ್ಯಾಲ ಹತ್ತಿ ನಿಂತಿದ್ರು. ಎಡಕ್ಕೂ ಬಲಕ್ಕೂ ತಲಿ ಪೂರಾ ಹೊಳ್ಳಿಸಿ ನೋಡಿದೆ. ನಾಕು ಮಾರು ಮುಂದ ಹೋದೆ, ಹಣ್ಣು ಚಟಚಟ ಒಡದ್ವು, ಬಂದ್ ಮಾಡ್ದೆ.

ಆರು ನೂರು ಕುದುರಿ ಬಲ ಅಂತ, ನಾಕು ಮಾರು.

ಚಾವಿ ವಾಪಸ ಕೊಟ್ಟೆ. ಅಳಬಾರದಂತ ಹಲ್ಲ ಕಚ್ಚಿ ಹಿಡದಿದ್ದೆ. ರೂಢಿ ನೋಡ್ರಿ, ಹೋಗಿ ಹಿಂದಿನ ಬಾಗಲಾ ತಗದು ನಿಂತೆ. ಸಾವುಕಾರ್ರು ಆಗಲೇ ಸ್ಟೇರಿಂಗಿನ ಮುಂದ ಕೂತು ಬೆಲ್ಟು ಹಾಕ್ಕೊಂಡಿದ್ರು. "ಬಾರೋ, ಕಮಲಾಪುರದ ತನಕ ಹೋಗಿ ಬರೂನು," ಅಂದ್ರು.

ಹೈವೇಕ್ಕ ಮುಟ್ಟಿದಿವಿ. ನಾಕು ಸೆಕೆಂಡಿಗಿ ನೂರು ಮುಟ್ಟೂ ಗಾಡಿ, ಸಾವುಕಾರ್ರು ನಲವತ್ತರ ಮ್ಯಾಲ ಹೋಗವಲ್ಲರು. ಒಂದು ಟಂಟಂ ಆಟೋ ನಮ್ಮನ್ನ ಹಿಂದ ಹಾಕಿ ಹೋಯ್ತು, ಒಳಗಿನ ಹೆಣಮಕ್ಕಳು ನಕ್ಕರು. "ಕನ್ನಡಿ ನೋಡ್ರಿ! ಇಂಡಿಕೇಟರ್ ಹಾಕ್ರಿ! ಲಾರಿ ಬರ್ತದ, ಕಣ್ಣ ತಗೀರಿ!" ಅಂತ ನಾ ಒದರ್ಲಾಕತ್ತಿದ್ದೆ. ಇಪ್ಪತ್ತೆರಡು ವರ್ಷ ಅವರ ಮುಂದ ಬಾಯಿ ತಗೀದಾಂವ ನಾ.

ಲಾರಿ ಬಾಜೂಕ ಹಾಯ್ತು. ನನ್ನ ಬಲಗಾಲು ತಾನೇ ಹೋಗಿ ಕೆಳಗ ಗಟ್ಟ್ಯಾಗಿ ಒತ್ತಿತು. ಅಲ್ಲಿ ಬ್ರೇಕ್ ಇಲ್ಲ, ಬರೀ ಮ್ಯಾಟು. ಸಾವುಕಾರ್ರು ಅದನ್ನ ನೋಡಿದ್ರು. ನನಗ ನಾಚಿಕಿ ಆಗಿ ಕಾಲ ಹಿಂದಕ್ಕ ತಗೊಂಡೆ.

"ಒತ್ತೋ, ಒತ್ತು. ನೀ ಒತ್ತಿದ್ರ ನನಗ ಧೈರ್ಯ ಬರ್ತದ," ಅಂದ್ರು.

ಕಮಲಾಪುರ ಬರೂತನಕ ಒತ್ತಕೋತೇ ಹೋದೆ.